ಚಿಪ್ಪಿನ ಕುಲ

ಕುಲ ಎಂಬ ಮಾತು ನಮ್ಮಲ್ಲಿ ಎರಡು ಕಡೆ ಕೇಳಿಬರುತ್ತದೆ: ಹೆಣ್ಣುಗಂಡಿನ ಮಾತುಕತೆಯಲ್ಲಿ ಒಮ್ಮೆ, ಜೀವವಿಜ್ಞಾನದ ಪುಸ್ತಕದಲ್ಲಿ ಇನ್ನೊಮ್ಮೆ. ಎರಡೂ ಕಡೆ ಅದು ಮಾಡುವ ಕೆಲಸ ಒಂದೇ ಏನು? ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆ ಹುಟ್ಟಿದ್ದು, ಎಂದೋ ಅಳಿದುಹೋದ ಕೆಲವು ಚಿಪ್ಪುಗಳ ವಿಷಯ ಓದುತ್ತಿದ್ದಾಗ.

ಟ್ರಯಾಸಿಕ್ ಎಂಬುದು ಸುಮಾರು 25 ಕೋಟಿ ವರ್ಷಗಳ ಹಿಂದೆ ಆರಂಭವಾಗಿ 20 ಕೋಟಿ ವರ್ಷಗಳ ಹಿಂದೆ ಮುಗಿದ ಕಾಲ. ಆಗಿನ ಕಡಲಲ್ಲಿ ಕಾಗದದಂತೆ ತೆಳುವಾದ, ಬೀಸಣಿಗೆಯಂತೆ ಗೆರೆ ಹರಡಿದ ಎರಡು ಚಿಪ್ಪಿನ ಜೀವಿಗಳಿದ್ದವು. ಮೈ ಎಂದೋ ಕರಗಿತು. ಬಂಡೆಯಲ್ಲಿ ಉಳಿದದ್ದು ಚಿಪ್ಪು, ಇಲ್ಲವೇ ಅದರ ಅಚ್ಚು. ಅಷ್ಟರಿಂದಲೇ ನೆಂಟಸ್ತಿಕೆ ಹೇಳಬೇಕು.

1830ರಲ್ಲಿ ಜರ್ಮನಿಯ ವಿದ್ವಾಂಸ ಬ್ರಾನ್ ಇಂಥ ಚಿಪ್ಪುಗಳಿಗೆ ಹ್ಯಾಲೋಬಿಯಾ ಎಂಬ ಕುಲನಾಮ ಕೊಟ್ಟರು. 1841ರಲ್ಲಿ ಆಲ್ಪ್ಸ್ ಸೀಮೆಯ ಒಂದು ಚಿಪ್ಪು ಹ್ಯಾಲೋಬಿಯಾ ಲೊಮ್ಮೆಲಿ ಎನಿಸಿಕೊಂಡು ಅದೇ ಮನೆ ಸೇರಿತು. 1874ರಲ್ಲಿ ವಿಯೆನ್ನಾದ ಮೊಯ್ಸಿಸೊವಿಚ್ ಮತ್ತೆ ನೋಡಿದರು. ಹ್ಯಾಲೋಬಿಯಾದ ಮುಂಬದಿಯಲ್ಲಿ ಕಿವಿಯಂಥ ಒಂದು ಮಡಿಕೆ ಇರುತ್ತದೆ, ಲೊಮ್ಮೆಲಿಗೆ ಅದಿಲ್ಲ. ಅದನ್ನು ಹೊರತೆಗೆದು ಡಯೊನೆಲ್ಲಾ ಎಂಬ ಹೊಸ ಕುಲ ಕಟ್ಟಿದರು.

ಒಂದು ಮಡಿಕೆಗೆ ಇಷ್ಟು ಬೆಲೆಯೇ ಎನ್ನಬಹುದು. ಹಿಮಾಲಯದ ಸ್ಪಿತಿ ಕಣಿವೆಯ ಬಂಡೆಗಳಲ್ಲಿ ಡಯೊನೆಲ್ಲಾದ ಪದರ ಕೆಳಗೆ, ಹ್ಯಾಲೋಬಿಯಾದ ಪದರ ಮೇಲೆ ಇದೆ. ಚಿಪ್ಪು ಯಾವುದೆಂದು ಗೊತ್ತಾದರೆ ಬಂಡೆಯ ವಯಸ್ಸೂ ತಿಳಿಯುತ್ತದೆ. ಕಿವಿಯಿಲ್ಲದ್ದರಿಂದಲೇ ಕಿವಿಯುಳ್ಳದ್ದು ಬಂತೆಂದು ತಜ್ಞರು ಹೇಳುತ್ತಾರೆ. ಕಿವಿ ಅರೆಬರೆ ಮೂಡಿದ ಚಿಪ್ಪುಗಳೂ ಸಿಕ್ಕಿವೆ. ಅವು ಯಾವ ಮನೆಯವು? ಗೆರೆ ಎಳೆದವರು ನಾವು. ಕಡಲಲ್ಲಿ ಗೆರೆ ಇರಲಿಲ್ಲ.

ಹಾಗೆಂದು ವಿಂಗಡಣೆಯೇ ಸುಳ್ಳಲ್ಲ. ವಿಂಗಡಿಸದೆ ನಾವು ಏನನ್ನೂ ಅರಿಯಲಾರೆವು. ಅದರ ಪ್ರಾಮಾಣಿಕತೆ ಇರುವುದು ಬೇರೆ ಕಡೆ. ವಿಜ್ಞಾನಿ ಮೊದಲು ನೋಡುತ್ತಾನೆ, ಆಮೇಲೆ ಹೆಸರಿಡುತ್ತಾನೆ. ಹೆಸರಿಗೆ ಆಧಾರವಾದ ಮಾದರಿಯನ್ನು ಕಾದಿಡುತ್ತಾನೆ, ಮುಂದೆ ಬರುವವರು ಅದನ್ನೇ ನೋಡಿ ತನ್ನ ಮಾತನ್ನು ಅಲ್ಲಗಳೆಯಲಿ ಎಂದು. 33 ವರ್ಷಗಳ ಮೇಲೆ ಲೊಮ್ಮೆಲಿಯ ಕುಲ ಬದಲಾಯಿತು. ಅದರಿಂದ ಯಾರ ಮಾನವೂ ಹೋಗಲಿಲ್ಲ.

ನಮ್ಮ ಇನ್ನೊಂದು ಕುಲದ ರೀತಿಯೇ ಬೇರೆ. ಅಲ್ಲಿ ಮಗು ಹುಟ್ಟುವ ಮೊದಲೇ ಹೆಸರು ಸಿದ್ಧವಾಗಿರುತ್ತದೆ. ನೋಡುವುದು ಆಮೇಲೆ, ಎಷ್ಟೋ ಸಲ ನೋಡುವುದೇ ಇಲ್ಲ. ಶಾಲೆಯ ದಾಖಲಾತಿ ಅರ್ಜಿಯಲ್ಲಿ ಜಾತಿಯ ಕಾಲಂ ನಾನೂ ತುಂಬಿಸಿದ್ದೇನೆ. ವಿದ್ಯಾರ್ಥಿವೇತನಕ್ಕೆ ಅದು ಬೇಕು. ಹಳೆಯ ಅನ್ಯಾಯವನ್ನು ಲೆಕ್ಕ ಹಿಡಿಯಲೂ ಬೇಕು. ಅದೇ ಮಾತು ಊಟದ ಸಾಲಿನಲ್ಲಿ ಪಿಸುನುಡಿಯಾಗಿ ಹೊರಟಾಗ ಮಗುವೊಂದು ತಟ್ಟೆ ಎತ್ತಿಕೊಂಡು ಎದ್ದುಹೋದದ್ದನ್ನೂ ಕಂಡಿದ್ದೇನೆ.

ಹ್ಯಾಲೋಬಿಯಾದ ಕಿವಿ ಕಲ್ಲಿನದು. ಏನೆಂದು ಕರೆದರೂ ಅದಕ್ಕೆ ಕೇಳಿಸದು. ಆದರೂ ಹೆಸರಿಡುವ ಮೊದಲು ಅದನ್ನು ಎಷ್ಟು ಸಲ ಹೊರಳಿಸಿ ನೋಡುತ್ತಾರೆ! ಕೇಳಿಸುವ ಕಿವಿಯುಳ್ಳವರ ವಿಷಯದಲ್ಲಿ ನಾವು ಅಷ್ಟಾದರೂ ತಡೆಯಬಾರದೇ?