ಸೋರಿದ ಜಾಗ

ಕಳೆದ ಮಳೆಗಾಲದಲ್ಲಿ ನಾವು ಹಡಪ್ಸರದ ಬಾಡಿಗೆ ಮನೆ ಬಿಟ್ಟು ಕಾತ್ರಜ್ ಕಡೆಗೆ ಬಂದೆವು. ಸಾಮಾನು ಸಾಗಿಸಿದ್ದು ಇಂಡಿ ಕಡೆಯ ಹುಡುಗನೊಬ್ಬನ ಪಿಕಪ್. ಬೆಳಗಿನ ಜಾವ ಪುಣೆಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ಹೊರುವುದು ಅವನ ಕೆಲಸ. ಹಗಲು ಇಂಥ ಬಾಡಿಗೆ. ಕೊನೆಯ ಟ್ರಿಪ್ಪಿನಲ್ಲಿ ಸಿಗ್ನಲ್ ಬಳಿ ಕ್ಲಚ್ ಪೆಡಲ್ ಮೆತ್ತಗೆ ನೆಲಕ್ಕಿಳಿಯಿತು, ಗೇರ್ ಬೀಳಲಿಲ್ಲ. ನಾಲ್ಕೈದು ಸಲ ಪೆಡಲ್ ಪಂಪ್ ಮಾಡಿ, ಹೇಗೋ ಫಸ್ಟ್ ಗೇರ್ ಹಾಕಿ, ಅದೇ ಗೇರಿನಲ್ಲಿ ಗಾಡಿಯನ್ನು ಗ್ಯಾರೇಜಿಗೆ ತಂದ.

ಗ್ಯಾರೇಜಿನ ಮಿಸ್ತ್ರಿ ವಯಸ್ಸಾದವರು. ಗಾಡಿಯ ಕೆಳಗೆ ತೂರಿ, ಗೇರ್‌ಬಾಕ್ಸಿನ ಪಕ್ಕದಲ್ಲಿದ್ದ ಸಿಲಿಂಡರಿನ ರಬ್ಬರ್ ಮುಚ್ಚಳ ಸರಿಸಿ ತೋರಿಸಿದರು. ಒಳಗೆಲ್ಲ ಕಪ್ಪು ಎಣ್ಣೆಯ ಪಸೆ.

ಈ ವ್ಯವಸ್ಥೆ ಸರಳವಾದದ್ದು. ಪೆಡಲ್ ತುಳಿದಾಗ ಮೇಲಿನ ಸಿಲಿಂಡರಿನ ಪಿಸ್ಟನ್ ಬ್ರೇಕ್ ಫ್ಲೂಯಿಡನ್ನು ಪೈಪಿನೊಳಗೆ ತಳ್ಳುತ್ತದೆ. ಆ ಒತ್ತಡಕ್ಕೆ ಕೆಳಗಿನ ಸಿಲಿಂಡರಿನ ಕಡ್ಡಿ ಮುಂದೆ ಬಂದು ಫೋರ್ಕನ್ನು ದೂಡುತ್ತದೆ, ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ಎರಡೂ ಕಡೆ ಒತ್ತಡ ಹಿಡಿಯುವುದು ಒಂದೊಂದು ರಬ್ಬರ್ ಸೀಲ್. ಕೆಳಗಿನದು ಸವೆದರೆ ಎಣ್ಣೆ ಹೊರಗೆ ತೊಟ್ಟಿಕ್ಕುತ್ತದೆ, ಯಾರ ಕಣ್ಣಿಗೂ ಬೀಳುತ್ತದೆ. ಮೇಲಿನದರ ಮುಂದಿನ ಸೀಲ್ ಸವೆದರೆ ಎಣ್ಣೆ ಸೀಲನ್ನು ದಾಟಿ ಹಿಂದಕ್ಕೆ, ತನ್ನ ಡಬ್ಬಿಗೇ ಮರಳುತ್ತದೆ. ಹೊರಗೆ ಒಂದು ಹನಿಯೂ ಇಲ್ಲ, ಡಬ್ಬಿಯ ಮಟ್ಟವೂ ಇಳಿಯುವುದಿಲ್ಲ. ಪೆಡಲ್ ಮಾತ್ರ ಕಾಲಿನಡಿ ನಿಧಾನ ಕುಸಿಯುತ್ತದೆ.

“ಎರಡೂ ಬದಲಿಸಿಬಿಡಿ, ಎರಡಕ್ಕೂ ಒಂದೇ ವಯಸ್ಸು” ಎಂದರು ಮಿಸ್ತ್ರಿ. ಹುಡುಗ ನನ್ನ ಮುಖ ನೋಡಿದ. “ಏನ್ ಮಾಡೂದ್ರಿ ಸರ? ಎರಡೂ ಅಂದ್ರ ರೊಕ್ಕ ಭಾಳ ಆಗ್ತೈತ್ರಿ.”

ನಾನು ಎಂಟೆಕ್ ಓದಿದವನು. “ಮೇಲಿನದು ಸೋರ್ತಾ ಇದೆಯಾ?” ಎಂದು ಕೇಳಿದೆ. ಇಲ್ಲ ಎಂದರು. “ಹಾಗಾದರೆ ಬದಲಿಸೋದು ಯಾಕೆ?” ಅವರು ಮತ್ತೆ ಮಾತಾಡಲಿಲ್ಲ. ಎರಡು ಬೋಲ್ಟ್ ಬಿಚ್ಚಿ ಕೆಳಗಿನದೊಂದನ್ನೇ ಬದಲಿಸಿದರು. ಬಡವನ ದುಡ್ಡು ಉಳಿಸಿದೆ ಎಂಬ ಸಮಾಧಾನದಲ್ಲಿ ನಾನು ಮನೆಗೆ ಹೋಗಿ ಪುಸ್ತಕಗಳನ್ನು ಜೋಡಿಸಿದೆ.

ಹತ್ತು ದಿನವೂ ಆಗಿರಲಿಲ್ಲ, ನಸುಕಿಗೇ ಫೋನ್. “ಸರ, ಮತ್ತ ಹಂಗ ಆಗೇತ್ರಿ.” ಗಾಡಿಯ ತುಂಬ ಟೊಮೆಟೊ. ಬೇರೆ ಗಾಡಿ ಹುಡುಕಿ, ಮಾಲು ಇಳಿಸಿ ಏರಿಸಿ ಮುಟ್ಟಿಸುವಷ್ಟರಲ್ಲಿ ಬೆಳಗಿನ ವ್ಯಾಪಾರ ಮುಗಿದಿತ್ತು. ಈ ಸಲ ಎಲ್ಲೂ ಸೋರಿರಲಿಲ್ಲ. ಮೇಲಿನ ಸಿಲಿಂಡರ್ ಬಿಚ್ಚಿದಾಗ ಸೀಲಿನ ಅಂಚು ಸವೆದಿತ್ತು, ಒಳಗೋಡೆಯಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂದು ನಿಯಮ, ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಈ ಅಂಕಿಗಳೆಲ್ಲ ನನಗೆ ಮೊದಲೇ ಗೊತ್ತಿದ್ದವು. ಒಂದೇ ಎಣ್ಣೆಯಲ್ಲಿ ಅಷ್ಟೇ ವರ್ಷ ಮುಳುಗಿದ್ದ ಎರಡು ರಬ್ಬರುಗಳಲ್ಲಿ ಒಂದು ಹೋಗಿದ್ದರೆ ಇನ್ನೊಂದರ ಸ್ಥಿತಿ ಏನಿರಬಹುದು ಎಂಬ ಪ್ರಶ್ನೆ ಮಾತ್ರ ಹೊಳೆದಿರಲಿಲ್ಲ.

ಪುರಾವೆ ಕೇಳಿದ್ದು ತಪ್ಪೇ? ತುಂಬ ದಿನ ಇದು ತಲೆ ತಿಂದಿತು. ಪುರಾವೆ ಇಲ್ಲದೆ ಯಾರನ್ನೂ ಅಪರಾಧಿ ಎನ್ನಬಾರದು ಎಂಬುದು ನ್ಯಾಯಾಲಯದ ನಿಯಮ, ಒಳ್ಳೆಯ ನಿಯಮ. ಆದರೆ ಅದು ಇರುವುದು ಮನುಷ್ಯರಿಗೆ. ಅನುಮಾನದಿಂದ ಕಿತ್ತೆಸೆದರೆ ನೋಯುವವರಿಗೆ. ರಬ್ಬರಿಗೆ ಮಾನ ಹೋಗುವುದಿಲ್ಲ. ಅಲ್ಲಿ ಅನುಮಾನದ ಲಾಭವನ್ನು ಸಿಲಿಂಡರಿಗೆ ಕೊಟ್ಟರೆ, ನಷ್ಟ ಹೋಗುವುದು ಅದರ ಮೇಲೆ ಹೊಟ್ಟೆ ಹೊರೆಯುವವನಿಗೆ. ಸಲಹೆ ಕೊಟ್ಟ ನನಗಂತೂ ಒಂದು ಟೊಮೆಟೊ ಕೂಡ ಕೊಳೆಯಲಿಲ್ಲ.

ಇದು ಇಷ್ಟಕ್ಕೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಬೇರೆ ಕಂಪನಿಯಲ್ಲಿದ್ದಾಗ, ನಮ್ಮ ಟೀಮಿನ ಒಂದು ರಿಲೀಸ್ ಕೆಟ್ಟು ಗಿರಾಕಿಯ ಸೇವೆ ಅರ್ಧ ದಿನ ನಿಂತಿತ್ತು. ಸ್ಕ್ರಿಪ್ಟ್ ಓಡಿಸಿದವಳು ಕೆಲಸಕ್ಕೆ ಸೇರಿ ವರ್ಷವೂ ಆಗದ ಹುಡುಗಿ. ಕಾರಣ ಹುಡುಕುವ ವರದಿಯನ್ನು ನಾನೇ ಬರೆದೆ: ಇಂಥ ಹಂತದಲ್ಲಿ, ಇಂಥವರಿಂದ. ಅದರಲ್ಲಿ ಸುಳ್ಳಿರಲಿಲ್ಲ, ತೊಟ್ಟಿಕ್ಕಿದ್ದು ಅಲ್ಲಿಯೇ. ಆದರೆ ಆ ಸ್ಕ್ರಿಪ್ಟನ್ನು ಇನ್ನೊಬ್ಬರು ಪರಿಶೀಲಿಸಲು ಇಟ್ಟಿದ್ದ ಎರಡು ದಿನವನ್ನು, ತಾರೀಖು ಹಿಡಿಯಲೆಂದು ಪ್ಲ್ಯಾನಿನಿಂದ ಅಳಿಸಿದವನು ನಾನು. ವರದಿಯಲ್ಲಿ ಆ ಸಾಲು ಇಲ್ಲ. ಯಾರೂ ಕೇಳಲಿಲ್ಲ. ನನ್ನ ಡಬ್ಬಿಯ ಮಟ್ಟ ಇಳಿದಿರಲಿಲ್ಲ.

ಅಂದರೆ ಸಿಲಿಂಡರಿಗೆ ನಾನು ನ್ಯಾಯಾಲಯದ ನಿಯಮ ಹಚ್ಚಿದೆ, ಮನುಷ್ಯಳಿಗೆ ಗ್ಯಾರೇಜಿನ ಅರೆ ನಿಯಮ: ಸೋರಿದ್ದನ್ನು ಬದಲಿಸು, ಮುಂದೆ ನಡೆ. ಮಿಸ್ತ್ರಿ ಆ ನಿಯಮವನ್ನು ಪೂರ್ತಿ ಹೇಳಿದ್ದರು, ಸೋರಿದ್ದರ ಜೊತೆಯದನ್ನೂ ನೋಡು ಎಂದು.

ಈ ಎರಡು ಸಿಲಿಂಡರುಗಳ ಇಂಗ್ಲಿಷ್ ಹೆಸರು ಮಾಸ್ಟರ್ ಮತ್ತು ಸ್ಲೇವ್. ನಮ್ಮ ಡೇಟಾಬೇಸುಗಳಲ್ಲೂ ಅವೇ ಹೆಸರುಗಳಿದ್ದವು; 2020ರಲ್ಲಿ ಮೈಸೀಕ್ವೆಲ್‌ನವರು ಅವನ್ನು ಸೋರ್ಸ್, ರೆಪ್ಲಿಕಾ ಎಂದು ಬದಲಿಸಲು ಹೊರಟರು. ಒಳ್ಳೆಯದೇ ಆಯಿತು. ನಮ್ಮ ಆಫೀಸಿನಲ್ಲೂ ಡಾಕ್ಯುಮೆಂಟುಗಳಲ್ಲೆಲ್ಲ ಹೆಸರು ತಿದ್ದಿದೆವು, ಆ ಪಟ್ಟಿಗೆ ಸಹಿ ಹಾಕಿದವನೂ ನಾನೇ. ತಪ್ಪು ಯಾರ ಹೆಸರಿನ ಮುಂದೆ ಬರಬೇಕು ಎಂಬ ರೂಢಿಗೆ ಅಂಥ ಪಟ್ಟಿ ಯಾವುದೂ ಇರಲಿಲ್ಲ.

ಮೇಲಿನ ಸಿಲಿಂಡರ್ ಹಾಕಿಸಿದ ದಿನ ನಾನೂ ಹೋಗಿದ್ದೆ. ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬ ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬ ಕೆಳಗೆ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಹುಡುಗ ಡಬ್ಬಿಗೆ ಎಣ್ಣೆ ಹಾಕುತ್ತ ನಿಂತ, ಡ್ರೈವರ್ ಸೀಟಿನಲ್ಲಿ ನಾನು ಕೂತೆ. ಕೆಳಗಿನಿಂದ ಮಿಸ್ತ್ರಿ ಹೇಳಿದಾಗ ತುಳಿದೆ, ಹೇಳುವವರೆಗೆ ಹಿಡಿದೆ. ಇಪ್ಪತ್ತು ಸಲವಾದರೂ ಆಗಿರಬೇಕು, ಆಮೇಲೆ ಪೆಡಲ್ ಗಟ್ಟಿಯಾಯಿತು. ಪೂರ್ತಿ ಖರ್ಚು ನನ್ನದು ಎಂದೆ. ಹುಡುಗ ಒಪ್ಪಲಿಲ್ಲ. “ಕೇಳಿದಾಂವ ನಾನ ಅಲ್ರಿ ಸರ, ಅರ್ಧ ನಂದೂ ಐತಿ” ಎಂದು ಅರ್ಧವನ್ನಷ್ಟೇ ತೆಗೆದುಕೊಂಡ.

ಆ ವಾರವೇ ಹುಡುಗಿಯ ವಿಳಾಸ ಹುಡುಕಿ, ವರದಿಯಲ್ಲಿ ಬಿಟ್ಟಿದ್ದ ಸಾಲನ್ನು ಬರೆದು ಕಳಿಸಿದೆ. ಅವಳೀಗ ಹೈದರಾಬಾದಿನಲ್ಲಿದ್ದಾಳೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: “ಸರ್, ಆ ಎರಡು ದಿನದ ವಿಷಯ ನನಗೆ ಆಗಲೇ ಗೊತ್ತಿತ್ತು. ನೀವೇ ಹೇಳ್ತೀರೇನೋ ಅಂತ ರಿವ್ಯೂ ಮೀಟಿಂಗ್ ಮುಗಿಯೋವರೆಗೂ ಕಾದಿದ್ದೆ.”