ಇಂದಿನ ಧಮ್ಮ ಚಿಂತನೆ: ಅಮ್ಮನಿಗೆ ಹೇಳಬೇಕಾ?



ಮತ್ತಿಕೆರೆಯ ನಮ್ಮ ಬಳಗದ ಒಬ್ಬರು ಕೇಳಿದರು: "ಅಮ್ಮನಿಗೆ ಹೊಟ್ಟೆ ಕ್ಯಾನ್ಸರ್ ಸಾರ್. ಅವರಿಗೆ ಹೇಳಬೇಕಾ, ಬೇಡವಾ?"

ಅದು *ಲೈನೈಟಿಸ್ ಪ್ಲಾಸ್ಟಿಕಾ* ಎಂಬ ಅಪರೂಪದ, ಬೇಗ ಹರಡುವ ಬಗೆ. ಗಡ್ಡೆಯಾಗಿ ಎದ್ದು ಕಾಣದೆ ಜಠರದ ಗೋಡೆಯೊಳಗೇ ಹಬ್ಬಿ, ಜಠರವನ್ನು ತೊಗಲಿನ ಚೀಲದಂತೆ ಗಡುಸಾಗಿಸುತ್ತದೆ. ಎಂಡೋಸ್ಕೋಪಿಯಲ್ಲಿ ಮೇಲ್ಪದರದಿಂದ ತೆಗೆದ ಚೂರಿನಲ್ಲಿ ಏನೂ ಸಿಗದೆ ಹೋಗಬಹುದು. ಆಗ ಇನ್ನೂ ಆಳದಿಂದ ಬಯಾಪ್ಸಿ ಬೇಕಾಗುತ್ತದೆ. ಸ್ವಲ್ಪ ಉಂಡರೂ ಹೊಟ್ಟೆ ತುಂಬುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, 'ಗ್ಯಾಸ್ಟ್ರಿಕ್' ಎಂದು ಸುಮ್ಮನಿರಬೇಡಿ.

ದುಃಖವನ್ನೂ ಹೀಗೆ ಆಳಕ್ಕಿಳಿದೇ ನೋಡಬೇಕು. ಮೊದಲ ಆರ್ಯಸತ್ಯದ ವಿಷಯದಲ್ಲಿ ನಮಗಿರುವ ಕೆಲಸ, ದುಃಖವನ್ನು ಪೂರ್ತಿ ಅರಿಯುವುದು. ಸಂಯುತ್ತ ನಿಕಾಯದಲ್ಲಿ ವೃದ್ಧ ನಕುಲಪಿತ ತನ್ನ ಕಾಯಿಲೆ ಹೇಳಿಕೊಂಡಾಗ ಭಗವಾನ್ ಬುದ್ಧರು 'ಏನೂ ಆಗಲ್ಲ' ಎನ್ನಲಿಲ್ಲ. ದೇಹಕ್ಕೆ ರೋಗವಿರುವುದನ್ನು ಒಪ್ಪಿ, ಮನಸ್ಸಿಗೆ ರೋಗ ತಟ್ಟದಂತಿರಲು ಕಲಿಸಿದರು.

ಹಾಗಾಗಿ ನಾನು ಹೇಳಿದ್ದು ಇಷ್ಟೇ: ಅಮ್ಮನ ಪಕ್ಕ ಕುಳಿತು, ಅವರಿಗೆ ಏನು ತಿಳಿಯಬೇಕು ಎಂದು ಮೊದಲು ಕೇಳಿ. ಕೇಳಿದಷ್ಟು ಹೇಳಿ, ಸುಳ್ಳು ಮಾತ್ರ ಬೇಡ. ಮನೆಮಂದಿಯೆಲ್ಲ ಗುಟ್ಟು ಕಾಯುತ್ತಿದ್ದರೆ ಅಮ್ಮ ಒಂಟಿಯಾಗುತ್ತಾರೆ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಮೈತ್ರಿ ಧ್ಯಾನ, ಕಾಯಿಲೆಯವರಿಗಾಗಿ, ಅವರನ್ನು ನೋಡಿಕೊಳ್ಳುವವರಿಗಾಗಿ.

ಸಾಧು, ಸಾಧು, ಸಾಧು 🪷