ಬೆರಳಿಗೆ ಮಾತ್ರ ಕೇಳುವ ದನಿ

ಜಾಲಹಳ್ಳಿಯ ಬಿಇಎಲ್ ಎಂದರೆ ಈಗ ನಮಗೆ ನೆನಪಾಗುವುದು ರೇಡಾರ್, ಸೇನೆಯ ಸಂಪರ್ಕ ಸಾಧನ, ಮತಯಂತ್ರ. 1954ರಲ್ಲಿ ಹುಟ್ಟಿದ ಈ ಸಂಸ್ಥೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಜೊತೆ ಸೇರಿ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿತು ಎಂಬುದು ಹಳೆಯ ರೇಡಿಯೊ ರಿಪೇರಿಯವರಿಗೆ ಬಿಟ್ಟರೆ ಹೆಚ್ಚು ಜನಕ್ಕೆ ನೆನಪಿಲ್ಲ. ಮರುವರ್ಷವೇ, 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಕೆಯನ್ನೂ ಆರಂಭಿಸಿತು. ಅಂದರೆ ವಾಲ್ವ್ ಹುಟ್ಟಿದ ಅಂಗಳದಲ್ಲೇ ಅದನ್ನು ಮನೆಯಿಂದ ಹೊರಹಾಕುವವನೂ ಹುಟ್ಟಿದ. ಟ್ರಾನ್ಸಿಸ್ಟರ್ ಬಂತು, ಬಿಸಿಯಾಗಲು ಅರ್ಧ ನಿಮಿಷ ಕಾಯಿಸುತ್ತಿದ್ದ ರೇಡಿಯೊಗಳು ಅಟ್ಟ ಸೇರಿದವು.

ಒಂದು ಕಸುಬು ಮಾತ್ರ ವಾಲ್ವನ್ನು ಬಿಡಲಿಲ್ಲ. ಅದು ಎಲೆಕ್ಟ್ರಿಕ್ ಗಿಟಾರ್ ನುಡಿಸುವವರದು. ರೇಡಿಯೊಗೆಂದು ಮಾಡಿದ ಇಎಲ್ 84, ಇಸಿಸಿ 83 ಬಗೆಯ ವಾಲ್ವ್‌ಗಳೇ ವೋಕ್ಸ್ ಎಸಿ 30ರಂಥ ಗಿಟಾರ್ ಆಂಪ್ಲಿಫೈಯರ್‌ಗಳ ಒಳಗೂ ಇರುತ್ತವೆ. ಜಾಲಹಳ್ಳಿಯ ಮುದ್ರೆಯಿರುವ ಹಳೆಯ ವಾಲ್ವ್‌ಗಳನ್ನು ಈಗ ಹುಡುಕಿ ಕೊಳ್ಳುವವರು ದೂರದ ದೇಶಗಳಲ್ಲಿದ್ದಾರೆ. ಅವರಲ್ಲಿ ಕೆಲವರು ಇದರ ದನಿ ಹೆಚ್ಚು ಬೆಚ್ಚಗಿದೆ ಎನ್ನುತ್ತಾರೆ, ಇನ್ನು ಕೆಲವರು ಒರಟು ಎನ್ನುತ್ತಾರೆ. ಈ 'ಬೆಚ್ಚಗೆ', 'ಒರಟು' ಎಂಬ ಮಾತುಗಳು ಏನನ್ನು ಹೇಳುತ್ತಿವೆ? ವಾಲ್ವಿನ ಬಗ್ಗೆಯೋ, ಆಡಿದವನ ಬಗ್ಗೆಯೋ? ತತ್ತ್ವಶಾಸ್ತ್ರದಲ್ಲಿ ರುಚಿಯ ಸಮಸ್ಯೆ ಎಂದು ಕರೆಯುವ ಪ್ರಶ್ನೆ ಇದು. ಇದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಗಿಟಾರಿನ ತಂತಿ ಮಿಡಿದಾಗ ಹುಟ್ಟುವ ವಿದ್ಯುತ್ತು ಒಂದು ವೋಲ್ಟಿನ ಸಣ್ಣ ಪಾಲು. ಇಸಿಸಿ 83 ಎಂಬ ಹೆಬ್ಬೆರಳ ಗಾತ್ರದ ವಾಲ್ವಿನಲ್ಲಿ ಎರಡು ಟ್ರಯೋಡ್‌ಗಳಿವೆ. ಒಂದೊಂದರ ವರ್ಧನಾಂಕ ಸುಮಾರು 100. ಒಂದರ ಹಿಂದೆ ಒಂದರಂತೆ ನಾಲ್ಕೈದು ಹಂತ ಜೋಡಿಸಿದರೆ ಸಂಕೇತ ಅದಕ್ಕಿರುವ ಜಾಗದಲ್ಲಿ ಹಿಡಿಸದೆ ಅಲೆಯ ನೆತ್ತಿ, ಬುಡ ಎರಡೂ ಕತ್ತರಿಸಿಹೋಗುತ್ತವೆ. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಜೊತೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಎಂಜಿನಿಯರಿಂಗ್ ಪಠ್ಯದಲ್ಲಿ ಇದು ದೋಷ, ಹೆಸರು ಡಿಸ್ಟಾರ್ಷನ್. ಹೆವಿ ಮೆಟಲ್ ಕೇಳುವವರಿಗೆ ಇದೇ ಸಂಗೀತ. ದೋಷವನ್ನೇ ಗುರಿಯಾಗಿಟ್ಟು ಕಟ್ಟಿದ ಆಂಪ್‌ಗೆ ಹೈ ಗೇನ್ ಎನ್ನುತ್ತಾರೆ. ಸಣ್ಣ ಕಾರ್ಯಾಗಾರದಲ್ಲಿ, ಕಡಿಮೆ ಸಂಖ್ಯೆಯಲ್ಲಿ, ಮಾಡಿದವನ ಹೆಸರಿನಲ್ಲೇ ಮಾರಾಟವಾಗುವುದಕ್ಕೆ ಬೊಟೀಕ್ ಎಂಬ ಬಿರುದು. ಅಮೆರಿಕದ ಮೈಕ್ ಸೊಲ್ಡಾನೊ 1987ರಲ್ಲಿ ಮಾರುಕಟ್ಟೆಗೆ ತಂದ ಎಸ್‌ಎಲ್‌ಒ-100, ಜರ್ಮನಿಯ ಪೀಟರ್ ಡೀಜಲ್ ಕಟ್ಟಿದ ನಾಲ್ಕು ಚಾನೆಲ್‌ಗಳ ವಿಎಚ್4, ಹಳೆಯ ಮಾರ್ಷಲ್‌ಗಳನ್ನು ಬಿಚ್ಚಿ ತಿದ್ದುತ್ತಲೇ ಹೆಸರು ಮಾಡಿದ ಡೇವ್ ಫ್ರೀಡ್‌ಮನ್ನರ ಬಿಇ-100, ಇವೆಲ್ಲ ಈ ಜಾತಿಯವು. ಇಂಥದ್ದೊಂದನ್ನು ಇಲ್ಲಿಗೆ ತರಿಸಿಕೊಳ್ಳುವುದೆಂದರೆ ಲಕ್ಷಗಳ ಲೆಕ್ಕ. ಜೆಆರ್‌ಎಫ್ ಸಂಶೋಧಕನಿಗೆ ತಿಂಗಳಿಗೆ ಬರುವ 37,000 ರೂಪಾಯಿಯನ್ನು ಊಟ, ಬಾಡಿಗೆ ಬಿಟ್ಟು ತಿಂಗಳುಗಟ್ಟಲೆ ಕೂಡಿಟ್ಟರೆ ಆದೀತು.

ಇವನ್ನು ಹೋಲಿಸಿ ಮಾತಾಡುವವರ ಬಾಯಲ್ಲಿ ಎರಡು ಪದಗಳು ಸದಾ ಜೋಡಿಯಾಗಿ ಬರುತ್ತವೆ: ಟೋನ್ ಮತ್ತು ಫೀಲ್. ಟೋನ್ ಎಂದರೆ ಕೋಣೆಯಲ್ಲಿ ಕೂತ ಯಾರಿಗೂ ಕೇಳುವ ನಾದಗುಣ. ಡೀಜಲ್ ಬಿಗಿ, ಕೆಳಸ್ವರಗಳಲ್ಲೂ ಕಲಸುಮೇಲೋಗರವಾಗುವುದಿಲ್ಲ. ಟೂಲ್ ಬ್ಯಾಂಡಿನ ಆಡಂ ಜೋನ್ಸ್ ನುಡಿಸುವ ಭಾರವಾದ ನಡೆಗಳನ್ನು ಕೇಳಿದವರಿಗೆ ಇದು ಗೊತ್ತು. ಸೊಲ್ಡಾನೊ ಒಂಟಿ ತಂತಿಯ ಆಲಾಪಕ್ಕೆ ಹೇಳಿ ಮಾಡಿಸಿದ್ದು, ಸ್ವರ ದ್ರವದಂತೆ ಹರಿಯುತ್ತದೆ. ಫ್ರೀಡ್‌ಮನ್ ನಡುಸ್ವರಗಳಲ್ಲಿ ಗದರುತ್ತದೆ. ಇಷ್ಟರ ಮಟ್ಟಿಗೆ ಹೆಚ್ಚು ಜಗಳವಿಲ್ಲ.

ಫೀಲ್ ಬೇರೆ ಕಥೆ. ಜೋರಾಗಿ ಮೀಟಿದಾಗ ಆಂಪ್‌ನ ಒಳಗಿನ ವಿದ್ಯುತ್ ಪೂರೈಕೆ ಒಂದು ಕ್ಷಣ ಬಗ್ಗಿ ಮತ್ತೆ ಏಳುತ್ತದೆ. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಮೀಟಿನ ಮೊನೆ ಮೊಂಡಾಗಿ, ಆಮೇಲೆ ಸ್ವರ ಉಬ್ಬುತ್ತದೆ. ಎಸಿ ವಿದ್ಯುತ್ತನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೂಡ ವಾಲ್ವೇ ಆದರೆ ಈ ಬಗ್ಗುವಿಕೆ ಹೆಚ್ಚು, ಸಿಲಿಕಾನ್ ಡಯೋಡ್ ಆದರೆ ಕಡಿಮೆ. ಮೆಸಾ ಬೂಗಿಯವರ ಡ್ಯುಯಲ್ ರೆಕ್ಟಿಫೈಯರ್‌ನಲ್ಲಿ ಎರಡೂ ಇದ್ದು, ಒಂದು ಸ್ವಿಚ್ಚಿನಲ್ಲಿ ಬದಲಾಯಿಸಬಹುದು. ಕೇಳುಗನಿಗೆ ಈ ವ್ಯತ್ಯಾಸ ಸೂಕ್ಷ್ಮ. ನುಡಿಸುವವನಿಗೆ ಮಾತ್ರ ತಾನು ಕೊಟ್ಟದ್ದಕ್ಕೂ ತನಗೆ ವಾಪಸು ಬಂದದ್ದಕ್ಕೂ ನಡುವೆ ಏನೋ ಮೆತ್ತಗಾದಂತೆ, ಅಥವಾ ಗೋಡೆಗೆ ಚೆಂಡು ಹೊಡೆದಂತೆ ಅನಿಸುತ್ತದೆ. ಒಂದೇ ಕೋಣೆ, ಒಂದೇ ಸದ್ದು, ಆದರೆ ಇಬ್ಬರ ಕೈಯಲ್ಲಿರುವ ಸಾಕ್ಷ್ಯ ಒಂದೇ ಅಲ್ಲ.

ಡೇವಿಡ್ ಹ್ಯೂಮ್ 1757ರಲ್ಲಿ ಪ್ರಕಟಿಸಿದ ರುಚಿಯ ಮಾನದಂಡದ ಕುರಿತ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟ್‌ನಿಂದ ಎತ್ತಿಕೊಂಡ ಒಂದು ಕಥೆಯಿದೆ. ಸ್ಯಾಂಕೋನ ಇಬ್ಬರು ನೆಂಟರು ಪೀಪಾಯಿಯ ವೈನ್ ಸವಿಯುತ್ತಾರೆ. ಒಬ್ಬ, ಚೆನ್ನಾಗಿದೆ, ಆದರೆ ತುಸು ಚರ್ಮದ ವಾಸನೆ ಎನ್ನುತ್ತಾನೆ. ಇನ್ನೊಬ್ಬ ಕಬ್ಬಿಣದ ರುಚಿ ಎನ್ನುತ್ತಾನೆ. ಸುತ್ತಲಿದ್ದವರು ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಹಳೆಯ ಬೀಗದಕೈ ಸಿಗುತ್ತದೆ. ಅವರ ನಾಲಿಗೆ ಸುಳ್ಳು ಹೇಳಿರಲಿಲ್ಲ.

ಆಂಪ್‌ಗಳಲ್ಲೂ ಇಂಥ ಬೀಗದಕೈಗಳಿವೆ. ಮಾರ್ಷಲ್ 2203ರಲ್ಲಿ ಒಂದು ಗೇನ್ ಹಂತದ ಕ್ಯಾಥೋಡ್‌ಗೆ 10 ಕಿಲೋ ಓಮ್ ರೆಸಿಸ್ಟರ್ ಇದೆ. ಸೊಲ್ಡಾನೊ ಅದೇ ಬಗೆಯ ಹಂತದಲ್ಲಿ 39 ಕಿಲೋ ಓಮ್ ಇಟ್ಟರು. ಹಾಗೆ ಇಟ್ಟಾಗ ಆ ವಾಲ್ವ್ 'ತಣ್ಣಗೆ' ಕೆಲಸ ಮಾಡಿ ಅಲೆಯ ಒಂದೇ ಪಕ್ಕವನ್ನು ಬೇಗ ಕತ್ತರಿಸುತ್ತದೆ. ಬಲ್ಲವರ ಕಿವಿ ಇದನ್ನು ಹಿಡಿಯುತ್ತದೆ. ಆದರೆ ಮೆಸಾ ಡ್ಯುಯಲ್ ರೆಕ್ಟಿಫೈಯರ್, ಪೀವಿ 5150 ಇವುಗಳ ಸರ್ಕ್ಯೂಟ್‌ನಲ್ಲೂ ಅದೇ 39 ಕಿಲೋ ಓಮ್ ಕಾಣುತ್ತದೆ. ಬೀಗದಕೈ ಒಂದೇ, ಪೀಪಾಯಿ ಮೂರು, ಬೆಲೆಯೂ ಮೂರು ಥರ. ಆದರೂ ಮೂರನ್ನೂ ನುಡಿಸಿದವರು ಇವು ಕೈಗೆ ಒಂದೇ ಅಲ್ಲ ಎನ್ನುತ್ತಾರೆ.

ಇದನ್ನು ಭ್ರಮೆ ಎಂದು ತಳ್ಳಿಹಾಕುವುದು ಸುಲಭ. ಭ್ರಮೆಗೆ ಜಾಗವೂ ಬೇಕಾದಷ್ಟಿದೆ. ಎರಡರಲ್ಲಿ ಒಂದು ತುಸು ಜೋರಾಗಿದ್ದರೆ ಅದೇ ಚೆಂದ ಕೇಳುತ್ತದೆ. ಸದ್ದು ಏರಿದಂತೆ ಕೆಳ ಮತ್ತು ಮೇಲಿನ ಸ್ವರಗಳು ಕಿವಿಗೆ ಹೆಚ್ಚು ತುಂಬಿದಂತೆ ಕೇಳುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಅಂಗಡಿಯಲ್ಲಿ, ಗೆಳೆಯರ ಮನೆಯಲ್ಲಿ ನಡೆಯುವ ಹೋಲಿಕೆಗಳಲ್ಲಿ ಯಾರೂ ಮಟ್ಟ ಸರಿಹೊಂದಿಸುವುದಿಲ್ಲ. ಅದೂ ಅಲ್ಲದೆ, ನೂರು ವಾಟ್‌ನ ವಾಲ್ವ್ ಆಂಪ್ ತನ್ನ ಪೂರ್ತಿ ಗುಣ ತೋರಿಸುವುದು ಜೋರಾಗಿ ತೆರೆದಾಗ. ಗಂಗಮ್ಮ ಸರ್ಕಲ್ ಆಸುಪಾಸಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅದನ್ನು ತೆರೆದರೆ ಓನರ್ ಆಂಟಿ ಮೇಲೆ ಬರುವ ಮುಂಚೆ ಎಷ್ಟು ಫೀಲ್ ಸಿಕ್ಕೀತು? ನೆರೆಯವರ ನಿದ್ದೆಯೂ ಈ ನೈತಿಕ ಪ್ರಶ್ನೆಯ ಒಂದು ಭಾಗವೇ, ಆದರೆ ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತು, ಬಿಡಿ.

ತಂಬೂರಿಯನ್ನು ನೋಡಿ. ಅದರ ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ಎಳೆಯಿಡುತ್ತಾರೆ. ಹೆಸರು ಜೀವಾಳ. ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಪ್ಪೆ ತಂತಿ ಝೇಂಕರಿಸುತ್ತದೆ. ಇದೂ ಲೆಕ್ಕದಲ್ಲಿ ದೋಷವೇ: ತಂತಿ ಅಗಲವಾದ ಕುದುರೆಗೆ ತಾಗಿ ತಾಗಿ ಉಪಸ್ವರಗಳನ್ನು ಚೆಲ್ಲುತ್ತದೆ. ನಮ್ಮ ಹಿರಿಯರು ಈ ದೋಷಕ್ಕೆ ಜೀವ ಎಂದೇ ಹೆಸರಿಟ್ಟರು. ನನ್ನ ಪ್ರಶ್ನೆಗೆ ಮುಖ್ಯವಾದದ್ದು ಮುಂದಿದೆ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತವನಿಗೆ ತಂಬೂರಿ ಅಷ್ಟಾಗಿ ಕೇಳುವುದೇ ಇಲ್ಲ. ಕೇಳುವುದು ಹಾಡುವವರಿಗೆ. ಆದರೆ ಹಾಡುವವರು ಅದರ ಮೇಲೆ ಒರಗಿ ಗಾಂಧಾರವನ್ನು ಎಲ್ಲಿ ನಿಲ್ಲಿಸುತ್ತಾರೋ ಅದು ಹಿಂದಿನ ಸಾಲಿಗೂ ತಲುಪುತ್ತದೆ. ಒಬ್ಬರ ಕಿವಿಗಷ್ಟೇ ದಕ್ಕಿದ್ದು ಅವರ ಕೆಲಸದ ಮೂಲಕ ಎಲ್ಲರದಾಗುತ್ತದೆ. ಫೀಲ್ ಕೂಡ ಹೀಗೆಯೇ. ಆಂಪ್ ಮೆತ್ತಗೆ ಉತ್ತರಿಸಿದರೆ ಗಿಟಾರ್ ವಾದಕ ಸ್ವರವನ್ನು ಹೆಚ್ಚು ಹೊತ್ತು ಎಳೆಯುತ್ತಾನೆ, ಗಟ್ಟಿಯಾಗಿ ಉತ್ತರಿಸಿದರೆ ಮೀಟು ಚುರುಕಾಗುತ್ತದೆ. ಹಾಗಾಗಿ ಹತ್ತು ಸೆಕೆಂಡಿನ ಧ್ವನಿಮುದ್ರಣ ಕೇಳಿಸಿ, ಗುರುತಿಸಲಾಗಲಿಲ್ಲ ನೋಡಿ, ಎನ್ನುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ. ಅರ್ಧ ಗಂಟೆ ನುಡಿಸಲು ಬಿಟ್ಟು, ಅವನು ಏನನ್ನು ನುಡಿಸಿದ ಎಂದು ಕೇಳಬೇಕು.

ಇಲ್ಲಿಗೆ ಆಂಪ್ ಪ್ರೇಮಿಗಳು ಗೆದ್ದಂತೆ ಕಂಡರೆ ಸ್ವಲ್ಪ ತಾಳಿ. ಬೆಂಗಳೂರಿನಲ್ಲೇ ಕೊಳಲು ವಾದಕರೂ ಎಂಜಿನಿಯರೂ ಆದ ರಾಜ್ ನಾರಾಯಣ್ 1979ರಲ್ಲಿ ರಾಡೆಲ್ ಸಂಸ್ಥೆ ಶುರುಮಾಡಿ ಎಲೆಕ್ಟ್ರಾನಿಕ್ ತಂಬೂರಿ ತಂದರು. ಮರದ ಬುರುಡೆ ಇಲ್ಲ, ಜೀವಾಳವಿಲ್ಲ. ಎಷ್ಟೋ ಮನೆಗಳಲ್ಲಿ ಇವತ್ತು ಮಕ್ಕಳು ಶ್ರುತಿ ಕಲಿತದ್ದೇ ಅಂಥ ಪೆಟ್ಟಿಗೆಯಿಂದ, ಮತ್ತು ಶ್ರುತಿ ಶುದ್ಧವಾಗಿಯೇ ಇದೆ. ಪಿಟೀಲಿನ ವಿಷಯದಲ್ಲಿ ಇನ್ನೂ ಗಡಸಾದ ಪರೀಕ್ಷೆ ನಡೆದಿದೆ. 2010ರಲ್ಲಿ ಇಂಡಿಯಾನಾಪೊಲಿಸ್‌ನ ಒಂದು ಹೋಟೆಲ್ ಕೋಣೆಯಲ್ಲಿ ಕ್ಲೌಡಿಯಾ ಫ್ರಿಟ್ಜ್, ಜೋಸೆಫ್ ಕರ್ಟಿನ್ ಮತ್ತು ಸಂಗಡಿಗರು 21 ವಾದಕರ ಕೈಗೆ ಆರು ಪಿಟೀಲು ಕೊಟ್ಟರು. ಮೂರು ಹೊಸವು, ಎರಡು ಸ್ಟ್ರಾಡಿವೇರಿ, ಒಂದು ಗ್ವಾರ್ನೇರಿ. ಕಣ್ಣಿಗೆ ವೆಲ್ಡಿಂಗ್ ಕನ್ನಡಕ, ಹಳೆಯ ಮರದ ವಾಸನೆ ತಿಳಿಯದಂತೆ ಗದ್ದ ಇಡುವ ಜಾಗದಲ್ಲಿ ತುಸು ಸುಗಂಧ. ಇಲ್ಲಿ ಪರೀಕ್ಷೆಗೆ ಕೂತವರು ನುಡಿಸುವವರೇ, ಫೀಲ್ ಅವರ ಬೆರಳಲ್ಲೇ ಇತ್ತು. ಫಲಿತಾಂಶ: ಹೆಚ್ಚಿನವರು ಮನೆಗೊಯ್ಯಲು ಆರಿಸಿದ್ದು ಹೊಸ ಪಿಟೀಲು, ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿ.

ಇದನ್ನು ಓದಿದ ಅನೇಕರು ವಾದಕರಿಗೆ ಏನೂ ಗೊತ್ತಾಗುವುದಿಲ್ಲ ಎಂಬ ಅರ್ಥ ಹಚ್ಚಿದರು. ನನಗೆ ಕಾಣುವುದು ಬೇರೆ. ಅವರಿಗೆ ಒಲವುಗಳಿದ್ದವು, ಅವು ಬಲವಾಗಿಯೇ ಇದ್ದವು. ಕೈಗೆ ಸಿಕ್ಕಿದ್ದು ನಿಜ. ಬಿದ್ದುಹೋದದ್ದು ಅದಕ್ಕೆ ಕೊಡುತ್ತಿದ್ದ ಕಾರಣ: ಮುನ್ನೂರು ವರ್ಷದ ಮರ, ಇಟಲಿಯ ಗುರುವಿನ ಹೆಸರು. ಅನುಭವವೂ ಅದರ ಕಥೆಯೂ ಬೇರೆ ಬೇರೆ. ಬೆರಳು ಸುಳ್ಳು ಹೇಳದೆಯೂ ಬಾಯಿ ಸುಳ್ಳು ಹೇಳಬಹುದು. ಆಂಪ್ ಜಗತ್ತಿನಲ್ಲಿ ನಾವು ದುಡ್ಡು ಕೊಡುವುದು ಮುಖ್ಯವಾಗಿ ಬಾಯಿಗೆ.

ಆ ಕಥೆಯ ಹೃದಯದಲ್ಲಿ ಇರುವುದು 'ಕೈ'. ಕೈಯಿಂದ ಬೆಸೆದದ್ದು, ಒಬ್ಬನೇ ಕೂತು ಕಟ್ಟಿದ್ದು. 2022ರಲ್ಲಿ ತೀರಿಕೊಂಡ ಅಲೆಕ್ಸಾಂಡರ್ ಡಂಬಲ್ ತಮ್ಮ ಆಂಪ್‌ಗಳ ಸರ್ಕ್ಯೂಟ್ ಮೇಲೆ ಅಂಟು ಸುರಿದು ಮುಚ್ಚುತ್ತಿದ್ದರು, ಯಾರೂ ನಕಲು ಮಾಡದಿರಲೆಂದು. ಹ್ಯೂಮನ ಪೀಪಾಯಿಯನ್ನು ಬರಿದು ಮಾಡಲು ಬಿಡದವರು! ಅವರ ಆಂಪ್‌ಗಳ ಬೆಲೆ ಮನೆಯ ಬೆಲೆಗೆ ಹೋಲುವಷ್ಟು ಏರಿತು. ತಾನು ಕಂಡುಕೊಂಡದ್ದನ್ನು ಕಾಯ್ದುಕೊಳ್ಳುವ ಹಕ್ಕು ಕಸುಬುದಾರನಿಗಿದೆ ಎಂದು ಒಪ್ಪುತ್ತೇನೆ. ಆದರೆ ಸಹಿ ಹಾಕಿದ ಆ ಒಂದು ಕೈಯ ಸುತ್ತ ಇಷ್ಟೆಲ್ಲ ಭಕ್ತಿ ಕಟ್ಟುವಾಗ, ಗಾಜಿನೊಳಗೆ ಕೂದಲಿಗಿಂತ ಸಣ್ಣ ತಂತಿಯನ್ನು ಗ್ರಿಡ್‌ಗೆ ಸುತ್ತಿ ಕೂರಿಸಿದ ಕೈಗಳ ಮಾತೇ ಬರುವುದಿಲ್ಲ. ಸದ್ದು ಮುರಿಯುವುದು ನಿಜವಾಗಿ ಅಲ್ಲಿ. ಬೊಟೀಕ್ ಆಂಪ್‌ನ ವಾಲ್ವ್‌ಗಳು ಬೊಟೀಕ್ ಅಲ್ಲ. ಅವು ಸ್ಲೊವಾಕಿಯದ ಜೆಜೆ, ರಷ್ಯಾದ ಸರಾತೋವ್, ಚೀನಾದ ಕಾರ್ಖಾನೆಗಳಿಂದ ಪೆಟ್ಟಿಗೆಗಟ್ಟಲೆ ಬರುತ್ತವೆ. 2022ರ ಮಾರ್ಚ್‌ನಲ್ಲಿ, ಯುಕ್ರೇನ್ ಯುದ್ಧದ ಬೆನ್ನಿಗೆ, ರಷ್ಯಾ ರಫ್ತು ತಡೆದಾಗ ವಾಲ್ವ್ ಬೆಲೆ ಏರಿ ಗಿಟಾರ್ ಜಗತ್ತು ಗಾಬರಿಯಾಯಿತು. ತಮ್ಮ ಟೋನ್ ಯಾರ ಪಾಳಿಯ ದುಡಿಮೆಯ ಮೇಲೆ ನಿಂತಿದೆಯೆಂದು ಬಹಳ ಜನರಿಗೆ ಗೊತ್ತಾದದ್ದು ಆಗಲೇ.

ಜಾಲಹಳ್ಳಿಯವರಿಗೆ ಇದು ಹೊಸ ಪಾಠವಲ್ಲ. ಇಲ್ಲಿ ಬಿಇಎಲ್ ವಾಲ್ವ್ ಮಾಡಿತು, ಪಕ್ಕದಲ್ಲೇ ಎಚ್‌ಎಂಟಿ ಕೀಲಿ ಕೊಡುವ ಗಡಿಯಾರ ಮಾಡಿತು. ಕೀಲಿ ಗಡಿಯಾರಗಳಿಗೂ ಈಗ ಸಂಗ್ರಾಹಕರಿದ್ದಾರೆ, ಅವುಗಳ ಬಗ್ಗೆಯೂ 'ಜೀವ ಇದೆ' ಎನ್ನುತ್ತಾರೆ. ಆ ಜೀವವನ್ನು ಸೈರನ್ನಿಗೆ ಒಳಗೆ ಹೋಗಿ ಸೈರನ್ನಿಗೆ ಹೊರಬಂದವರು ಇಟ್ಟರು. ಅವರಲ್ಲಿ ಯಾರೂ ಸಹಿ ಹಾಕಲಿಲ್ಲ.

ಹಾಗಾದರೆ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವುದು ತಪ್ಪೇ? ನುಡಿಸುವ ಕೈಗೆ ಅದು ಹೊಸದೇನನ್ನಾದರೂ ನುಡಿಸಲು ಕಲಿಸಿದರೆ ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಮನೆಯವರಿಂದ ಸಾಲ ಎತ್ತಿ ತಂದು ಮೂಲೆಯಲ್ಲಿಟ್ಟು, ರೆಸಿಸ್ಟರ್‌ನ ಬಣ್ಣದ ಪಟ್ಟಿ ವರ್ಣಿಸುತ್ತ ಕೂರುವವನ ಮುಂದೆ ಬೇರೆ ಮಾತು ಬರುತ್ತದೆ. ಈ ಇಬ್ಬರನ್ನೂ ಹೊರಗಿನಿಂದ ಬೇರ್ಪಡಿಸುವುದು ಕಷ್ಟ, ಏಕೆಂದರೆ ಇಬ್ಬರೂ ಒಂದೇ ಪದ ಬಳಸುತ್ತಾರೆ. ಅವನು ಇತ್ತೀಚೆಗೆ ಏನು ನುಡಿಸಿದ ಎಂದು ಕೇಳಬಹುದು. ನಾನು ಬಲ್ಲ ಹುಡುಗರಲ್ಲಿ ಕೆಲವರು ಎಸ್‌ಪಿ ರೋಡಿನಿಂದ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ತಂದು, ಅಜ್ಜನ ಕಾಲದ ರೇಡಿಯೊದಿಂದ ಕಿತ್ತ ಎರಡು ಇಎಲ್ 84 ಹಾಕಿ ತಾವೇ ಆಂಪ್ ಕಟ್ಟುತ್ತಿದ್ದಾರೆ. ಅದು ಹಮ್ ಎನ್ನುತ್ತದೆ, ಡೀಜಲ್‌ನ ಬಿಗಿ ಅದಕ್ಕಿಲ್ಲ, ಮುನ್ನೂರು ವೋಲ್ಟ್ ಒಳಗಿರುವುದರಿಂದ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಮುಟ್ಟಬೇಕು. ಫೀಲ್ ಹೇಗಿದೆ ಎಂದರೆ, ಇನ್ನೂ ಗೊತ್ತಿಲ್ಲ, ರೆಕ್ಟಿಫೈಯರ್ ಬದಲಾಯಿಸಿ ನೋಡಬೇಕು, ಎಂದರು.